ಅಧ್ಯಾಯ 6: ನೆಂಟರ ಮನೆಯಲ್ಲಿ ನಾಯಿಯ ಎಡವಟ್ಟು

ಸ್ವಂತ ಮನೆಯಲ್ಲಿ ವರ್ಷಗಟ್ಟಲೆ ಒಂದು ಹನಿಯನ್ನೂ ಚೆಲ್ಲದ ನಾಯಿ, ನೆಂಟರ ಮನೆ ಹೊಕ್ಕ ಸ್ವಲ್ಪ ಹೊತ್ತಿಗೆಲ್ಲ ನಡುಮನೆಯಲ್ಲಿ ಕೆರೆ ಕಟ್ಟಿಬಿಡುತ್ತದೆ. ಸಾಕಿದವರಿಗೆ ತಲೆ ಎತ್ತಲಾಗದಷ್ಟು ನಾಚಿಕೆ. "ನಮ್ಮಲ್ಲಿ ಯಾವತ್ತೂ ಹೀಗೆ ಮಾಡಿಲ್ಲ ರೀ" ಎಂದು ಹೇಳಿಕೊಂಡರೆ ನೆಂಟರು ನಂಬುವುದಿಲ್ಲ. ನಾನು ನಂಬುತ್ತೇನೆ. ನಾಯಿ ಕಲಿತದ್ದನ್ನು ಮರೆತಿಲ್ಲ. ನಾವು ಕಲಿಸಿದ್ದೇವೆ ಅಂದುಕೊಂಡ ಪಾಠ ಒಂದು, ಅದು ಕಲಿತ ಪಾಠ ಇನ್ನೊಂದು.

ಮೊದಲು ನೆಲದ ಮೇಲಿರುವುದು ಏನೆಂದು ಗುರುತಿಸಿಕೊಳ್ಳೋಣ. ಸೋಫಾದ ಕಾಲು, ಬಾಗಿಲ ಚೌಕಟ್ಟು, ಪರದೆಯ ಅಂಚಿನಂಥ ನೆಟ್ಟಗಿರುವ ವಸ್ತುಗಳ ಮೇಲೆ ಚೂರುಚೂರೇ ಸಿಡಿಸಿದ್ದರೆ ಅದು ಗುರುತು ಹಾಕುವ ಚಾಳಿ. ಬೀಜ ಒಡೆಯದ ಗಂಡುನಾಯಿಗಳಲ್ಲಿ ಇದು ಹೆಚ್ಚು. ಆ ಮನೆಯಲ್ಲಿ ಇನ್ನೊಂದು ನಾಯಿ ಇದ್ದರಂತೂ ಕೇಳುವುದೇ ಬೇಡ. ಯಾರಾದರೂ ಮೇಲೆ ಬಾಗಿ ಮಾತಾಡಿಸಿದಾಗ ಕಿವಿ ಹಿಂದಕ್ಕೆ ಮಾಡಿ, ಕುಗ್ಗಿ, ನಾಲ್ಕು ಹನಿ ಬಿಟ್ಟರೆ ಅದು ಅಂಜಿಕೆಯ ಅಥವಾ ಸಂಭ್ರಮದ ಸೋರಿಕೆ. ಎಳೆಯ ನಾಯಿಗಳಲ್ಲಿ ಇದು ಸಾಮಾನ್ಯ, ಹೆಚ್ಚಿನವು ಬೆಳೆಯುತ್ತ ಬಿಟ್ಟುಬಿಡುತ್ತವೆ. ತನ್ನ ಮನೆಯಲ್ಲೂ ಈಚೆಗೆ ಹೀಗಾಗುತ್ತಿದ್ದರೆ, ನೀರು ಹೆಚ್ಚು ಕುಡಿಯುತ್ತಿದ್ದರೆ, ಮುಕ್ಕರಿಯುತ್ತಿದ್ದರೆ ಅಥವಾ ರಕ್ತ ಕಂಡರೆ ಮಿಕ್ಕ ಮಾತು ಬಿಟ್ಟು ಪಶುವೈದ್ಯರಲ್ಲಿಗೆ ನಡೆಯಿರಿ. ಇದ್ಯಾವುದೂ ಅಲ್ಲದೆ, ಗಟ್ಟಿಮುಟ್ಟಾದ ನಾಯಿ ಒಂದೇ ಕಡೆ ಪೂರ್ತಿ ಮೂತ್ರಕೋಶ ಖಾಲಿ ಮಾಡಿದ್ದರೆ ಅದೇ ನಮ್ಮ ಈ ಅಧ್ಯಾಯದ ವಿಷಯ.

ನಾಯಿ ಕಲಿತ ಪಾಠ ಯಾವುದು?

ಹುಟ್ಟಿದ ಮೊದಲ ಎರಡು-ಮೂರು ವಾರ ಮರಿಗೆ ತಾನಾಗಿ ವಿಸರ್ಜಿಸಲು ಬರುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಆಗುತ್ತದೆ, ಆಮೇಲೆ ತಾಯಿಯೇ ಶುಚಿ ಮಾಡುತ್ತದೆ. ನಡೆಯಲು ಕಾಲು ಬಂದ ಮೇಲೆ ಮರಿ ಮಲಗುವ ಜಾಗ ಬಿಟ್ಟು ತುಸು ದೂರ ಹೋಗಿ ಮುಗಿಸುತ್ತದೆ. ಎಂಟು-ಒಂಬತ್ತು ವಾರದ ಹೊತ್ತಿಗೆ ಅದಕ್ಕೆ ಇಂಥದೇ ನೆಲ ಎಂಬ ಒಲವು ಕೂರತೊಡಗುತ್ತದೆ. ಹಗುರಾದ ಆ ಗಳಿಗೆಯಲ್ಲಿ ಪಾದಕ್ಕೆ ಏನು ತಾಕಿತ್ತು? ಹುಲ್ಲೋ, ಮಣ್ಣೋ, ಹಳೆಯ ಪತ್ರಿಕೆಯೋ, ಕಲ್ಲುಚಪ್ಪಡಿಯೋ? ಮುಂದೆ ಆ ಸ್ಪರ್ಶವೇ ಸನ್ನೆಯಾಗುತ್ತದೆ.

ಇದರ ಜೊತೆಗೆ ಇನ್ನಷ್ಟು ಸಂಗತಿಗಳು ಹೆಣೆದುಕೊಳ್ಳುತ್ತವೆ: ಗೊತ್ತಾದ ಮೂಲೆ, ಅಲ್ಲಿನ ತನ್ನದೇ ವಾಸನೆ, ಕರೆದೊಯ್ಯುವ ಹೊತ್ತು, ಕರೆದೊಯ್ಯುವ ವ್ಯಕ್ತಿ, "ನನಗೆ ಹೋಗಬೇಕು" ಎಂದು ಕೆರೆಯುವ ಆ ಒಂದು ಬಾಗಿಲು. ನಾಯಿಯ ಪಾಲಿಗೆ ಪಾಠವೆಂದರೆ ಈ ಇಡೀ ಗಂಟು. ಚಾವಣಿ ಇರುವ ಜಾಗವೆಲ್ಲ ಒಳಗು, ಉಳಿದದ್ದು ಹೊರಗು ಎಂಬ ವಿಂಗಡಣೆ ನಮ್ಮದು. ಅದನ್ನು ನಾವು ನಾಯಿಗೆ ಕಲಿಸಿಯೇ ಇರುವುದಿಲ್ಲ. ತನ್ನ ಅಡುಗೆಮನೆಯಲ್ಲಿ ಕರೆಂಟು ಹೋದರೂ ಉಪ್ಪಿನ ಡಬ್ಬಿಗೆ ಕೈ ಹಾಕುವ ಗೃಹಿಣಿ ಇನ್ನೊಬ್ಬರ ಅಡುಗೆಮನೆಯಲ್ಲಿ ಹಗಲಲ್ಲೂ ತಡಕಾಡುತ್ತಾಳಲ್ಲ, ಹಾಗೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಶಿಕದ ಹತ್ತಿರ ಓಝರ್‌ನಲ್ಲಿ ಎಚ್‌ಎಎಲ್ ವಿಮಾನ ಕಾರ್ಖಾನೆಯಿದೆ. ಬೆಂಗಳೂರಿನಿಂದ ಅಲ್ಲಿಗೆ ವರ್ಗವಾಗಿ ಹೋದ ಒಂದು ಕನ್ನಡ ಕುಟುಂಬದ ಕ್ವಾರ್ಟರ್ಸಿನ ಹಿತ್ತಿಲಿಗೆ ಶಹಾಬಾದ್ ಫರಸಿ ಹಾಸಿದೆ. ಮರಿಯಾಗಿದ್ದಾಗಿನಿಂದ ಅವರ ನಾಯಿ ಬೆಳಿಗ್ಗೆ ಎದ್ದ ಕೂಡಲೇ ಹೋಗುವುದು ಅಲ್ಲಿಗೇ. ಆ ಮೇಲೆ ಒಂದು ಕೊಡ ನೀರು ಸುರಿದರೆ ಆಯಿತು. ದೀಪಾವಳಿಗೆ ಅವರು ಯೇವಲಾ, ವೈಜಾಪುರದ ದಾರಿ ಹಿಡಿದು ಛತ್ರಪತಿ ಸಂಭಾಜಿನಗರಕ್ಕೆ, 2023ರವರೆಗೂ ಔರಂಗಾಬಾದ್ ಎನಿಸಿಕೊಂಡಿದ್ದ ಊರಿಗೆ, ಅಕ್ಕನ ಮನೆಗೆ ಹೋಗುತ್ತಾರೆ. ಅದು ಹಳೆಯ ಕಾಲದ ಮನೆ. ಪಡಸಾಲೆಯ ನೆಲ? ಅದೂ ಶಹಾಬಾದ್ ಫರಸಿಯೇ!

ಈ ಕಲ್ಲಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇದು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಸುಣ್ಣಕಲ್ಲು. ಪದರಪದರವಾಗಿ ಏಳುವುದರಿಂದ ಚಪ್ಪಡಿ ಮಾಡುವುದು ಸುಲಭ, ಬೆಲೆಯೂ ಕಡಿಮೆ. ಹಾಗಾಗಿ ಮಹಾರಾಷ್ಟ್ರದ ಅಂಗಳ, ಮೆಟ್ಟಿಲು, ಜಗಲಿ, ನಡುಮನೆಗಳಿಗೆಲ್ಲ ಹರಡಿಕೊಂಡಿತು. ಒಂದೇ ಕಲ್ಲು ಒಂದು ಮನೆಯಲ್ಲಿ ಹಿತ್ತಿಲು, ಇನ್ನೊಂದರಲ್ಲಿ ಪಡಸಾಲೆ. ಅಕ್ಕನಿಗೆ ಅದು ಒರೆಸಿ ರಂಗೋಲಿ ಹಾಕಿದ ಪಡಸಾಲೆ. ತಂಪಾದ, ಸ್ವಲ್ಪ ಒರಟಾದ ಆ ಚಪ್ಪಡಿ ನಾಯಿಯ ಪಾದಕ್ಕೆ ಹೇಳುವುದೇ ಬೇರೆ. ನಾಯಿ ಇಲ್ಲಿ ಪಾಠ ಒಪ್ಪಿಸಿದೆ, ಅದೂ ಚೆನ್ನಾಗಿಯೇ. ಮಣ್ಣಿನಲ್ಲಿ ರೂಢಿಯಾದ ನಾಯಿ ಮಹಡಿಯ ಮೇಲಿನ ಹೂಕುಂಡಕ್ಕೆ, ಹುಲ್ಲಿನಲ್ಲಿ ರೂಢಿಯಾದದ್ದು ಮೆತ್ತನೆಯ ಕಾರ್ಪೆಟ್ಟಿಗೆ ಮಾಡುವುದರ ಗುಟ್ಟೂ ಇದೇ.

ಹೊರಗೆ ಮಾಡದೆ ಒಳಗೆ ಬಂದು ಮಾಡುವುದೇಕೆ?

ನನ್ನ ಕಿವಿಗೆ ಅತಿ ಹೆಚ್ಚು ಬಿದ್ದ ದೂರು ಇದು: "ರಸ್ತೆಯಲ್ಲಿ ಅರ್ಧ ಗಂಟೆ ಸುತ್ತಿಸಿದೆ, ಏನೂ ಮಾಡಲಿಲ್ಲ. ಒಳಗೆ ಕಾಲಿಟ್ಟದ್ದೇ ತಡ, ಮಾಡಿಬಿಡ್ತು." ಕೇಳಿದರೆ ಹಟ ಅನ್ನಿಸುತ್ತದೆ. ಆದರೆ ಇಲ್ಲಿ ನಡೆಯುವುದು ನರಗಳ ಕೆಲಸ.

ಮೂತ್ರಕೋಶಕ್ಕೆ ಎರಡು ನರವ್ಯವಸ್ಥೆಗಳ ಅಪ್ಪಣೆ ಬರುತ್ತದೆ. ಅಪಾಯದ ಹೊತ್ತಿನಲ್ಲಿ ದೇಹವನ್ನು ಸಜ್ಜು ಮಾಡುವ ಅನುವೇದನಾ ನರಗಳು ಕೋಶದ ಗೋಡೆಯನ್ನು ಸಡಿಲಿಸಿ, ಅದರ ಕತ್ತನ್ನು ಬಿಗಿಹಿಡಿಯುತ್ತವೆ. ತುಂಬಿದ್ದು ತುಂಬಿದಂತೆಯೇ ನಿಲ್ಲುತ್ತದೆ. ದೇಹ ನಿರಾಳವಾದಾಗ ಕೈ ಮೇಲಾಗುವ ಪರಾನುವೇದನಾ ನರಗಳು ಗೋಡೆಯನ್ನು ಸಂಕುಚಿಸುತ್ತವೆ, ಕತ್ತು ಸಡಿಲವಾಗುತ್ತದೆ. ಈಗ ಸಂಭಾಜಿನಗರದ ಆ ಬೀದಿಯನ್ನು ನಾಯಿಯ ಕಡೆಯಿಂದ ನೋಡಿ. ಅಪರಿಚಿತ ಬೀದಿನಾಯಿಗಳು ಬೊಗಳುತ್ತಿವೆ, ಹಬ್ಬದ ಪಟಾಕಿ ಸಿಡಿಯುತ್ತಿದೆ, ಪಕ್ಕದಲ್ಲೇ ಆಟೋ ಹಾರ್ನ್ ಹೊಡೆಯುತ್ತಿದೆ. ಕಾರಿನಿಂದಿಳಿದ ಮೇಲೆ ಗಟಗಟ ಕುಡಿದ ನೀರೂ ಕೆಳಗಿಳಿಯುತ್ತಿದೆ. ಒತ್ತಡ ಏರುತ್ತದೆ, ಬಿಗಿತ ಬಿಡುವುದಿಲ್ಲ. ಬಾಗಿಲು ಹಾಕಿದ ಮೇಲೆ ಸದ್ದು ಅಡಗುತ್ತದೆ, ಮನೆಯವರ ಪರಿಚಿತ ವಾಸನೆ ಬರುತ್ತದೆ, ಮೈ ಸಡಿಲವಾಗುತ್ತದೆ. ಸಡಿಲವಾದದ್ದು ಮೈ ಮಾತ್ರವಲ್ಲ!

ಪರಿಸರ ಬದಲಾದರೆ ಕಲಿತದ್ದು ಕೈಕೊಡುತ್ತದೆ ಎಂಬುದು ನಾಯಿಗಳ ಕಲಿಕೆಯನ್ನು ಅಧ್ಯಯನ ಮಾಡಿದ ರಷ್ಯಾದ ವಿಜ್ಞಾನಿ ಪಾವ್ಲೋವ್‌ಗೂ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಸಹಾಯಕರ ಮುಂದೆ ಕಲಿತ ಸನ್ನೆಗೆ ಸೊಗಸಾಗಿ ಜೊಲ್ಲು ಸುರಿಸುತ್ತಿದ್ದ ನಾಯಿ, ಪಾವ್ಲೋವ್ ಖುದ್ದಾಗಿ ನೋಡಲು ಬಂದಾಗ ಸುಮ್ಮನಾಗಿಬಿಡುತ್ತಿತ್ತು. ಹೊಸ ಮುಖ, ಹೊಸ ಸದ್ದು ಕಂಡ ನಾಯಿಯ ಗಮನವೆಲ್ಲ "ಇದೇನು?" ಎಂಬ ಹುಡುಕಾಟಕ್ಕೆ ಹೋಗುತ್ತದೆ ಎಂದು ಅವರು ವಿವರಿಸಿದರು. ನೊಬೆಲ್ ಪಡೆದ ವಿಜ್ಞಾನಿಯೇ ಎದುರು ಬಂದು ನಿಂತಾಗ ಮಂಕಾದ ಪಾಠ, ಭಾವನೋ ನಾದಿನಿಯೋ ಎದುರು ನಿಂತಾಗ ಮಂಕಾಗುವುದು ಸಹಜ.

"ಅದಕ್ಕೆ ತಪ್ಪು ಗೊತ್ತು, ಮುಖ ನೋಡಿ"

ಗೊತ್ತಿಲ್ಲ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಇದನ್ನು ಚೊಕ್ಕವಾಗಿ ಪರೀಕ್ಷಿಸಿದರು. ತಿನ್ನಬೇಡವೆಂದು ತಿಂಡಿ ಇಟ್ಟು ಯಜಮಾನರು ಹೊರಗೆ ಹೋಗಬೇಕು. ನಾಯಿ ತಿಂದಿತೋ ಇಲ್ಲವೋ ಎಂದು ಅವರಿಗೆ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ಹೇಳಲಾಗುತ್ತಿತ್ತು. ತಲೆ ತಗ್ಗಿಸಿ, ಕಣ್ಣು ತಪ್ಪಿಸಿ, ಬಾಲ ಮುದುರುವ 'ಅಪರಾಧಿ ಮುಖ' ಕಂಡದ್ದು ತಿಂದ ನಾಯಿಗಳಲ್ಲೇನೂ ಹೆಚ್ಚಲ್ಲ. ಬೈಸಿಕೊಂಡ ನಾಯಿಗಳಲ್ಲಿ ಹೆಚ್ಚು. ಆ ಮುಖ ನಿಮ್ಮ ಸಿಟ್ಟಿಗೆ ಉತ್ತರ. ನೆಂಟರ ಎದುರು ಮೂತಿ ಹಿಡಿದು ನೆಲಕ್ಕೆ ಒತ್ತಿದರೆ ನಾಯಿ ಕಲಿಯುವುದು ಒಂದೇ: ಇವರ ಕಣ್ಣೆದುರು ಮಾಡಬಾರದು. ಮುಂದಿನ ಸಲ ಅದು ಮಂಚದ ಹಿಂದೆ ಹೋಗಿ ಮಾಡುತ್ತದೆ. ರಸ್ತೆಯಲ್ಲಿ ನಿಮ್ಮೆದುರು ಮಾಡಲೂ ಅಂಜುತ್ತದೆ.

ಮಾಡಬೇಕಾದ್ದು

ಮನೆಯೊಳಗೆ ಕಾಲಿಡುವ ಮುಂಚೆಯೇ ಸದ್ದಿಲ್ಲದ, ತನ್ನ ರೂಢಿಯ ನೆಲವಿರುವ ಜಾಗಕ್ಕೆ ಕರೆದೊಯ್ಯಿರಿ. ಕೆಲಸ ಮುಗಿಯದಿದ್ದರೆ ಒಳಗೆ ಬಂದ ಮೇಲೂ ಹಗ್ಗ ಕೈಯಲ್ಲೇ ಇರಲಿ, ಹತ್ತು ನಿಮಿಷ ಬಿಟ್ಟು ಮತ್ತೆ ಹೋಗಿ. ಮುಗಿಸಿದ ಆ ಕ್ಷಣದಲ್ಲಿ, ಅದೇ ಜಾಗದಲ್ಲಿ ತಿಂಡಿ ಕೊಡಿ. ಮನೆಗೆ ಬಂದು ಕೊಟ್ಟರೆ ಅದು ಮನೆಗೆ ಬಂದದ್ದಕ್ಕೆ ಬಹುಮಾನವಾಗುತ್ತದೆ. ಊಟ, ನಿದ್ದೆ, ಆಟ ಆದ ಮೇಲೆ ತಪ್ಪದೆ ಹೊರಗೆ ಕರೆದೊಯ್ಯಿರಿ. "ಸುಸು" ಎಂಬ ಒಂದೇ ಮಾತನ್ನು ಹುಲ್ಲು, ಮಣ್ಣು, ಕಲ್ಲು ಹೀಗೆ ಬೇರೆಬೇರೆ ನೆಲದಲ್ಲಿ, ಮನೆಯ ಬೇರೆಬೇರೆಯವರ ಬಾಯಲ್ಲಿ, ಪ್ರವಾಸಕ್ಕೆ ಬಹಳ ಮುಂಚೆಯೇ ಅಭ್ಯಾಸ ಮಾಡಿಸಿ.

ಚೆಲ್ಲಿದ್ದರೆ ಮೊದಲು ಬಟ್ಟೆಯಿಂದ ಹೀರಿಸಿ, ಆಮೇಲೆ ಕಿಣ್ವ ಇರುವ ಕ್ಲೀನರ್ ಹಾಕಿ. ಫಿನೈಲ್ ನಮ್ಮ ಮೂಗನ್ನು ಮೋಸ ಮಾಡೀತು, ನಾಯಿಯ ಮೂಗನ್ನಲ್ಲ. ಹಸಿ ಫಿನೈಲ್ ನೆಕ್ಕಿದರೆ ಅಪಾಯ ಬೇರೆ. ಅಮೋನಿಯಾ ಇರುವ ದ್ರವ ಬೇಡವೇ ಬೇಡ, ಕೊಳೆತ ಮೂತ್ರದ ವಾಸನೆಯೂ ಅದೇ. ಶಹಾಬಾದ್ ಕಲ್ಲಿಗೆ ಆಸಿಡ್ ಸುರಿಯಬೇಡಿ. ಸುಣ್ಣಕಲ್ಲು ನೊರೆಯೆದ್ದು ಕರಗಿ, ನೆಲ ಶಾಶ್ವತವಾಗಿ ಕಲೆಯಾಗುತ್ತದೆ. ನಾಯಿಯ ತಪ್ಪು ಒರೆಸಿದರೆ ಹೋಗುತ್ತದೆ, ಆಸಿಡ್ಡಿನದು ಹೋಗುವುದಿಲ್ಲ.

ಒಟ್ಟು ಸಾರ ಇಷ್ಟು: ನೆಲ, ವಾಸನೆ, ಹೊತ್ತು, ವ್ಯಕ್ತಿ, ನಿರಾಳತೆ, ಈ ಐದರಲ್ಲಿ ಯಾವುದು ತಪ್ಪಿತು ಎಂದು ಹುಡುಕಿದರೆ ಉತ್ತರ ಸಿಗುತ್ತದೆ. ಹಾಗೆ ಹುಡುಕುವವರು ಒಂದು ನೋಟ್‌ಬುಕ್ ಇಡಿ ಎಂಬುದು ನನ್ನ ಬೇಡಿಕೆ. ಬಾಲ್ಕನಿಯ ಟೈಲ್ಸ್ ಮೇಲೆ ಬೆಳೆದ ಮರಿಗೂ ಹೊಲದ ಮಣ್ಣಿನಲ್ಲಿ ಬೆಳೆದ ಮರಿಗೂ ಹೊಸ ಮನೆಯಲ್ಲಿ ಆಗುವ ವ್ಯತ್ಯಾಸವೇನು? ಪರಭಣಿಯ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಯೋ ಬೀದರಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಯೋ ಇದನ್ನು ಪ್ರಬಂಧಕ್ಕೆ ಎತ್ತಿಕೊಳ್ಳಬಾರದೇಕೆ? ದುಬಾರಿ ಯಂತ್ರವೇನೂ ಬೇಕಿಲ್ಲ. ಮರಿ ಯಾವ ನೆಲದಲ್ಲಿ ಬೆಳೆಯಿತು, ಎಲ್ಲಿ ಚೆಲ್ಲಿತು ಎಂದು ತಾಳ್ಮೆಯಿಂದ ಬರೆದಿಟ್ಟ ನೂರಾರು ಮನೆಯವರ ಪುಟಗಳು ಬೇಕು. ಮೊದಲ ಪುಟ ನಿಮ್ಮದಾಗಲಿ.