ಸುಟ್ಟ ಮೈಗೆ ಗಂಜಿ ಸಾಲದು



ಮಳೆಗಾಲ ಹಿಡಿದರೆ ನಮ್ಮ ಗೋಣಿಬೀಡು, ಮೂಡಿಗೆರೆ ಕಡೆಯ ಮನೆಗಳಲ್ಲಿ ಒಲೆ ಆರುವುದೇ ಇಲ್ಲ. ಬಚ್ಚಲಲ್ಲಿ ಹಂಡೆ ನೀರು ಕಾಯುತ್ತಿರುತ್ತದೆ. ಅಡುಗೆಗೆ ಸೌದೆ ಒಲೆ ಇಲ್ಲವೇ ಗ್ಯಾಸು. ಒಣಗದ ಬಟ್ಟೆಗೆ ಕೆಂಡದ ಕಾವು. ತೋಟದ ಲೈನ್ ಮನೆಗಳಲ್ಲಂತೂ ಇದೆಲ್ಲ ಒಂದೇ ಕೋಣೆಯೊಳಗೆ. ಸೆರಗಿಗೆ ಬೆಂಕಿ ತಾಗಿದ್ದು, ಕುದಿಯುವ ನೀರು ಮೈಮೇಲೆ ಬಿದ್ದದ್ದು ನಾವು ಕೇಳದ ಸುದ್ದಿಯೇನಲ್ಲ.

ಬೆಂಕಿ ತಗುಲದಂತೆ ಎಚ್ಚರ ವಹಿಸುವ ಬಗ್ಗೆ ಸಭೆಗಳಲ್ಲಿ ಮಾತಾಡುತ್ತೇವೆ. ಈ ಸಲ ಅದರ ನಂತರದ ಮಾತು. ಸುಟ್ಟ ಮೈಯೊಳಗೆ ಏನು ನಡೆಯುತ್ತದೆ? ಅಂಥವರಿಗೆ ಊಟ ಯಾಕೆ ಔಷಧಿಯಷ್ಟೇ ಮುಖ್ಯ?

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮನೆಯ ಸೊಸೆಗೆ ಹಂಡೆ ನೀರು ಬಿದ್ದು ಹೊಟ್ಟೆ, ಕಾಲು ಬೆಂದಿವೆ. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾಳೆ. ಅತ್ತೆ ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ. ಮೂರು ಹೊತ್ತೂ ಬಿಸಿ ಗಂಜಿ, ಉಪ್ಪು, ಸ್ವಲ್ಪ ತಿಳಿಸಾರು. "ಮೊಟ್ಟೆ ಕೊಟ್ರೆ ಗಾಯ ಕೀವಾಗುತ್ತೆ, ಮೀನು ನಂಜು, ಬೇಳೆ ವಾಯು. ಮಲಗಿದ ಕಡೆಯೇ ಇರೋಳಿಗೆ ಹೆಚ್ಚು ಊಟ ಯಾಕೆ?" ಅಂತಾರೆ. ಎರಡು ತಿಂಗಳಾದರೂ ಗಾಯ ಕೂಡುವುದಿಲ್ಲ. ತೋಳು ಕಡ್ಡಿಯಾಗುತ್ತದೆ. ಎದ್ದು ನಿಲ್ಲಲು ಶಕ್ತಿ ಇಲ್ಲ. "ಅವಳ ಗ್ರಹಚಾರ" ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ.

ಇಂಥ ಮನೆಗಳಲ್ಲಿ ಎಷ್ಟೋ ಸಲ ಅದು ಗ್ರಹಚಾರವೂ ಅಲ್ಲ, ನಂಜೂ ಅಲ್ಲ. ಅದು ಹಸಿವು.

ಹೊರಗಿನ ಬೆಂಕಿ ಆರಿದರೂ ಒಳಗಿನದು ಆರುವುದಿಲ್ಲ

ನಾವು ಸುಮ್ಮನೆ ಮಲಗಿದ್ದರೂ ಎದೆ ಬಡಿಯಲು, ಉಸಿರಾಡಲು, ಮೈ ಬೆಚ್ಚಗಿರಲು ಶಕ್ತಿ ಖರ್ಚಾಗುತ್ತಲೇ ಇರುತ್ತದೆ. ಈ ಶಕ್ತಿಯನ್ನು ಕ್ಯಾಲೊರಿ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ದೇಹ ಆಹಾರವನ್ನು ಶಕ್ತಿಯಾಗಿ, ಮಾಂಸವಾಗಿ ಬದಲಿಸುವ ಕೆಲಸಕ್ಕೆ ಚಯಾಪಚಯ ಎಂದು ಹೆಸರು.

ದೊಡ್ಡ ಸುಟ್ಟಗಾಯವಾದಾಗ ಮೊದಲ ಒಂದೆರಡು ದಿನ ದೇಹ ಕುಗ್ಗಿದಂತಿರುತ್ತದೆ. ಆಮೇಲೆ ಖರ್ಚು ಏರುತ್ತದೆ. ಎದೆಬಡಿತ ಜೋರಾಗುತ್ತದೆ, ಮೈ ಬಿಸಿಯಾಗುತ್ತದೆ. ಮೈಯ ನೂರರಲ್ಲಿ ನಲವತ್ತು ಭಾಗಕ್ಕಿಂತ ಹೆಚ್ಚು ಸುಟ್ಟವರಲ್ಲಿ, ಮಲಗಿದ್ದಾಗಿನ ಖರ್ಚೇ ಎರಡು ಪಟ್ಟಿನ ಹತ್ತಿರಕ್ಕೆ ಹೋಗಬಹುದು. ಅಂದರೆ ಹಾಸಿಗೆಯ ಮೇಲೆ ಅಲುಗಾಡದೆ ಮಲಗಿದ ಸೊಸೆ ಒಳಗೊಳಗೆ ದಿನವಿಡೀ ಕೂಲಿ ಮಾಡುತ್ತಿರುತ್ತಾಳೆ. "ಮಲಗಿದೋಳಿಗೆ ಯಾಕಿಷ್ಟು ಊಟ" ಎಂಬ ಪ್ರಶ್ನೆಗೆ ಇದೇ ಉತ್ತರ.

ಇದಕ್ಕೆ ಕಾರಣ ಏನು? ಅಪಾಯ ಬಂದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಹಾವು ಕಂಡಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದೇ ರಸಗಳು. ಹಾವು ಹೋದರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತೇವೆ. ಸುಟ್ಟಗಾಯದಲ್ಲಿ ಅವು ವಾರಗಟ್ಟಲೆ, ತಿಂಗಳುಗಟ್ಟಲೆ ಇಳಿಯುವುದಿಲ್ಲ. ತೀವ್ರವಾಗಿ ಸುಟ್ಟವರಲ್ಲಿ ಒಂದೆರಡು ವರ್ಷದವರೆಗೂ ಇದರ ಪರಿಣಾಮ ಇರುತ್ತದೆ. ಜೊತೆಗೆ ಚರ್ಮ ಹೋದ ಕಡೆಯಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಅದರೊಂದಿಗೆ ಮೈಯ ಬಿಸಿಯೂ ಹೋಗುತ್ತದೆ.

ಉಪವಾಸ ಬೇರೆ, ಇದು ಬೇರೆ

ತಪಸ್ಸುಕಾಲದ ಉಪವಾಸ, ಏಕಾದಶಿ, ರಂಜಾನ್ ಉಪವಾಸ ನಮಗೆಲ್ಲ ಗೊತ್ತು. ಆರೋಗ್ಯವಂತರು ಉಪವಾಸವಿದ್ದರೆ ದೇಹ ಜಾಣತನದಿಂದ ಖರ್ಚು ಇಳಿಸುತ್ತದೆ. ಮೊದಲು ಕೊಬ್ಬನ್ನು ಬಳಸುತ್ತದೆ, ಮಾಂಸಖಂಡವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಸಂಘದ ಭಾಷೆಯಲ್ಲಿ ಹೇಳುವುದಾದರೆ, ಕಷ್ಟಕಾಲದಲ್ಲಿ ಉಳಿತಾಯದ ಹಣ ತೆಗೆದು, ಹಾಲು ಕೊಡುವ ಹಸುವನ್ನು ಮಾರದೆ ಇಟ್ಟುಕೊಂಡ ಹಾಗೆ.

ಸುಟ್ಟ ದೇಹಕ್ಕೆ ಆ ಜಾಣತನ ಇರುವುದಿಲ್ಲ. ಉಳಿತಾಯ ಇನ್ನೂ ಇರುವಾಗಲೇ ಹಸುವನ್ನು ಮಾರಲು ಶುರು ಮಾಡುತ್ತದೆ. ತೋಳು, ತೊಡೆ, ಎದೆಯ ಮಾಂಸಖಂಡ ಕರಗಿಸಿ ಗಾಯಕ್ಕೂ ಶಕ್ತಿಗೂ ಬಳಸುತ್ತದೆ. ಉಸಿರಾಡಿಸುವ ಸ್ನಾಯು ಸೊರಗಿದರೆ ಕಫ ಕೆಮ್ಮಿ ತೆಗೆಯಲಾಗದೆ ನ್ಯುಮೋನಿಯ ಬರುತ್ತದೆ. ರೋಗನಿರೋಧಕ ಶಕ್ತಿ ಕುಂದಿ ಗಾಯ ಕೀವಾಗುತ್ತದೆ. ಮೊಟ್ಟೆಯಿಂದ ಕೀವಾಗುತ್ತದೆ ಎಂದುಕೊಂಡಿದ್ದೆವು. ನಿಜದಲ್ಲಿ ಮೊಟ್ಟೆಯಂಥ ಆಹಾರ ಸಿಗದೆ ಸೊರಗಿದ ಮೈಗೇ ಕೀವಿನ ಭಯ ಹೆಚ್ಚು.

ಈ ವಿಚಾರ ವೈದ್ಯರಿಗೂ ಬಹಳ ಹಿಂದೆ ತಿಳಿದಿರಲಿಲ್ಲ. 1930ರ ಸುಮಾರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡೇವಿಡ್ ಕತ್‌ಬರ್ಟ್‌ಸನ್ ಎಂಬುವರು ಕಾಲು ಮುರಿದವರ ಮೂತ್ರ ಪರೀಕ್ಷಿಸಿದರು. ಪೆಟ್ಟು ಬಿದ್ದ ಜಾಗದಿಂದ ಹೋಗಬಹುದಾದುದಕ್ಕಿಂತ ಬಹಳ ಹೆಚ್ಚು ಮಾಂಸಾಂಶ ಮೈಯಿಂದ ಕರಗಿ ಹೋಗುತ್ತಿತ್ತು. ಪೆಟ್ಟು ಕಾಲಿಗೆ ಬಿದ್ದರೂ ನಷ್ಟ ಇಡೀ ಮೈಗೆ. ಮೊದಲು ಇಳಿತ, ಆಮೇಲೆ ಏರಿಕೆ ಎಂಬ ಎರಡು ಹಂತಗಳನ್ನು 1942ರಲ್ಲಿ ಅವರು ವಿವರಿಸಿದರು.

ಆಸ್ಪತ್ರೆಯಲ್ಲಿ ಹೀಗೆ ಯಾಕೆ ಮಾಡ್ತಾರೆ?

ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಕೊಟ್ಟು, ದೊಡ್ಡ ಗಾಯವಾದರೆ ದೊಡ್ಡ ಊರಿಗೆ ಕಳಿಸುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆಂದೇ ಮಹಾಬೋಧಿ ಹೆಸರಿನ ವಿಭಾಗವಿದೆ. ಅಲ್ಲಿ ಕಾಣುವ ಕೆಲವು ಸಂಗತಿಗಳು ಮನೆಯವರನ್ನು ಹೆದರಿಸುತ್ತವೆ. ಕಾರಣ ತಿಳಿದರೆ ಹೆದರಿಕೆ ಇಲ್ಲ.

*ಬಾಟಲಿ ಮೇಲೆ ಬಾಟಲಿ ಡ್ರಿಪ್ ಯಾಕೆ?* ಸುಟ್ಟ ಮೊದಲ ದಿನ ರಕ್ತದಲ್ಲಿನ ನೀರು ಸೋರಿ ಮೈ ಊದುತ್ತದೆ, ರಕ್ತದೊತ್ತಡ ಬೀಳುತ್ತದೆ. ಹಲವು ಕಡೆ ಬಳಸುವ ಲೆಕ್ಕದಂತೆ 50 ಕಿಲೋ ತೂಕದ, ನೂರಕ್ಕೆ 30 ಭಾಗ ಸುಟ್ಟ ಹೆಂಗಸಿಗೆ 24 ಗಂಟೆಯಲ್ಲಿ ಸುಮಾರು 6 ಲೀಟರ್ ಬೇಕು. ಅದರಲ್ಲಿ ಅರ್ಧ, ಸುಟ್ಟ ಹೊತ್ತಿನಿಂದ ಮೊದಲ 8 ಗಂಟೆಯೊಳಗೆ ಹೋಗಬೇಕು. ಆದ್ದರಿಂದಲೇ ತಡಮಾಡಬಾರದು.

*ಮೂಗಿಗೆ ಪೈಪ್ ಹಾಕಿದರೆ ಆಸೆ ಬಿಟ್ಟ ಹಾಗಾ?* ಅಲ್ಲವೇ ಅಲ್ಲ. ಬಾಯಿಂದ ಬೇಕಾದಷ್ಟು ತಿನ್ನಲು ಆಗದವರಿಗೆ ಆ ನಳಿಗೆಯಿಂದ ದ್ರವ ಆಹಾರ ಕೊಡುತ್ತಾರೆ. ಸಾಧ್ಯವಾದರೆ ಮೊದಲ 24 ಗಂಟೆಯೊಳಗೇ ಶುರು ಮಾಡುತ್ತಾರೆ. ಕರುಳಿಗೆ ಕೆಲಸ ಸಿಕ್ಕಿದರೆ ಕರುಳಿನ ಗೋಡೆ ಗಟ್ಟಿಯಾಗಿರುತ್ತದೆ.

*ಸಕ್ಕರೆ ಕಾಯಿಲೆ ಇಲ್ಲದವಳಿಗೆ ಇನ್ಸುಲಿನ್ ಯಾಕೆ?* ನಾವು ಹೇಳಿದ ಆ ರಸಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಆಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಬಹಳ ಏರಿದರೆ ಸೋಂಕು ತಗಲುತ್ತದೆ. ಹಾಗಂತ ತೀರಾ ಇಳಿಸುವುದೂ ಅಪಾಯ. ಆರು ಸಾವಿರಕ್ಕೂ ಹೆಚ್ಚು ತೀವ್ರ ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿತು. ಅದಕ್ಕೇ ಆಗಾಗ ಬೆರಳು ಚುಚ್ಚಿ ನೋಡುತ್ತಾರೆ. ಗಾಯ ಮಾಗಿದಂತೆ ಹೆಚ್ಚಿನವರಲ್ಲಿ ಸಕ್ಕರೆ ಇಳಿಯುತ್ತದೆ. ಇಳಿಯದಿದ್ದರೆ ಮೊದಲಿಂದಲೂ ಸಕ್ಕರೆ ಕಾಯಿಲೆ ಇತ್ತೇನೋ ಎಂದು ಪರೀಕ್ಷಿಸಬೇಕು.

*ಹೃದಯದ ಮಾತ್ರೆ ಯಾಕೆ?* ಕೆಲವರಿಗೆ ಪ್ರೊಪ್ರನಲಾಲ್ ಎಂಬ ಮಾತ್ರೆ ಕೊಡುತ್ತಾರೆ. ಹೃದಯ ಕೆಟ್ಟಿದೆ ಎಂದಲ್ಲ. ಎದೆಬಡಿತವನ್ನೂ ಮಾಂಸ ಕರಗುವುದನ್ನೂ ತಗ್ಗಿಸಲು. ವೈದ್ಯರು ಹೇಳದೆ ಇದನ್ನು ತೆಗೆದುಕೊಳ್ಳಲೂಬಾರದು, ನಿಲ್ಲಿಸಲೂಬಾರದು.

*ಕೋಣೆ ಯಾಕೆ ಅಷ್ಟು ಬೆಚ್ಚಗೆ?* ಚಳಿಗೆ ನಡುಗಿದರೆ ಇರುವ ಶಕ್ತಿಯೂ ಖರ್ಚು. ಅದಕ್ಕೇ ಸುಟ್ಟಗಾಯದ ವಾರ್ಡನ್ನು 30 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ನಮ್ಮ ಜುಲೈ ತಿಂಗಳ ಥಂಡಿಯಲ್ಲಿ ಮನೆಗೆ ಬಂದವರಿಗೂ ಬೆಚ್ಚಗಿನ, ಒಣಗಿದ, ಹೊಗೆ ಇಲ್ಲದ ಜಾಗ ಬೇಕು. ಒಲೆ ಪಕ್ಕದ ಮೂಲೆ ಬೇಡ.

ಸತ್ತ ಚರ್ಮವನ್ನು ಬೇಗ ತೆಗೆದು, ತೊಡೆಯ ಒಳ್ಳೆಯ ಚರ್ಮ ಕಸಿ ಮಾಡುವುದೂ ಇದೇ ಕಾರಣಕ್ಕೆ. ಗಾಯ ಮುಚ್ಚಿದಷ್ಟೂ ಒಳಗಿನ ಬೆಂಕಿ ತಣ್ಣಗಾಗುತ್ತದೆ. ಕಸಿ ಹಿಡಿಯಬೇಕಾದರೂ ಊಟ ಬೇಕು.

ಹಾಗಾದರೆ ಎಷ್ಟು ಊಟ?

ಗಾಯ ಕೂಡಲು ಮುಖ್ಯವಾಗಿ ಬೇಕಾದದ್ದು ಪ್ರೋಟೀನ್. ದೊಡ್ಡ ಸುಟ್ಟಗಾಯವಾದ ದೊಡ್ಡವರಿಗೆ ತೂಕದ ಕಿಲೋ ಒಂದಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಕದವರಿಗೆ 75ರಿಂದ 100 ಗ್ರಾಂ. ಮೂರು ಹೊತ್ತು ಗಂಜಿ ಕುಡಿದರೆ ಸಿಗುವುದು ಹತ್ತು ಗ್ರಾಂನ ಆಸುಪಾಸು. ಇನ್ನು ನಮ್ಮದೇ ಅಡುಗೆಮನೆಯ ಲೆಕ್ಕ ನೋಡಿ:

- ಮೊಟ್ಟೆ 4: ಸುಮಾರು 24 ಗ್ರಾಂ
- ಹಾಲು ಅರ್ಧ ಲೀಟರ್: ಸುಮಾರು 16 ಗ್ರಾಂ
- ಹುರಳಿ ಅಥವಾ ತೊಗರಿಬೇಳೆ 60 ಗ್ರಾಂ: ಸುಮಾರು 13 ಗ್ರಾಂ
- ಕಡಲೆಕಾಯಿ ಬೀಜ ಒಂದು ಹಿಡಿ (30 ಗ್ರಾಂ): ಸುಮಾರು 7 ಗ್ರಾಂ
- ಬಂಗುಡೆ, ಬೂತಾಯಿ ಅಥವಾ ಕೋಳಿ 100 ಗ್ರಾಂ: ಸುಮಾರು 19 ಗ್ರಾಂ
- ದಿನದ ಅನ್ನ, ರೊಟ್ಟಿಗೆ ಅಕ್ಕಿ 250 ಗ್ರಾಂ: ಸುಮಾರು 17 ಗ್ರಾಂ

ಒಟ್ಟು ಸುಮಾರು 96 ಗ್ರಾಂ. ಪೇಟೆಯ ದುಬಾರಿ ಡಬ್ಬಿ ಪುಡಿ ಇಲ್ಲದೆಯೇ ಇಷ್ಟಾಯಿತು. ಮಾಂಸ, ಮೀನು ತಿನ್ನದವರು ಬೇಳೆ, ಕಾಳು, ಸೋಯಾ, ಮೊಸರು ಹೆಚ್ಚಿಸಿಕೊಳ್ಳಿ. ನೆಲ್ಲಿಕಾಯಿ, ಸೀಬೆ, ನಿಂಬೆ ನಮ್ಮಲ್ಲೇ ಇವೆ. ಇವುಗಳಲ್ಲಿನ ಸಿ ವಿಟಮಿನ್ ಹೊಸ ಚರ್ಮ ಕಟ್ಟಲು ಬೇಕು.

ಹಸಿವಿಲ್ಲ ಅಂದರೆ ಒಂದೇ ಸಲ ತಟ್ಟೆ ತುಂಬ ಬಡಿಸಬೇಡಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಗಂಜಿಯೇ ಬೇಕು ಅಂದರೆ ಅದಕ್ಕೇ ಹಾಲು, ಹುರಿದ ಕಡಲೆಕಾಯಿ ಪುಡಿ, ಚಮಚ ತುಪ್ಪ ಸೇರಿಸಿ. ಬಹಳ ದಿನ ಏನೂ ತಿನ್ನದೆ ಸೊರಗಿದವರಿಗೆ ಮಾತ್ರ ಒಮ್ಮೆಲೇ ಹೆಚ್ಚು ಕೊಡಬಾರದು. ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೆ ಅಪಾಯವಾಗಬಹುದು. ಕಿಡ್ನಿ, ಲಿವರ್, ಸಕ್ಕರೆ ಕಾಯಿಲೆ ಇದ್ದವರಿಗೂ, ಮಕ್ಕಳಿಗೂ ಅಳತೆ ಬೇರೆ. ಇವರಿಗೆ ವೈದ್ಯರನ್ನು ಕೇಳಿಯೇ ಕೊಡಿ.

ಪಥ್ಯದ ಮಾತು

ಹಿರಿಯರ ಪಥ್ಯವನ್ನು ನಾವು ಹಗುರ ಮಾಡುತ್ತಿಲ್ಲ. ಎರಡು ದಿನದ ವಾಂತಿಭೇದಿಗೆ ಗಂಜಿ ಒಳ್ಳೆಯದೇ. ಆದರೆ ಎರಡು ದಿನದ ಪಥ್ಯವನ್ನು ಎರಡು ತಿಂಗಳ ಗಾಯಕ್ಕೆ ಹಾಕಬಾರದು. "ಬದನೆಕಾಯಿ ತಿಂದಳು, ತುರಿಕೆ ಶುರುವಾಯ್ತು" ಅಂತಾರೆ. ಸುಟ್ಟ ಚರ್ಮ ಮಾಗುವಾಗ ತುರಿಕೆ ಬರುವುದು ಸಾಮಾನ್ಯ. ಬದನೆ ತಿನ್ನದಿದ್ದರೂ ಬರುತ್ತದೆ. ಒಂದು ಪದಾರ್ಥ ಒಬ್ಬರಿಗೆ ಮೊದಲಿಂದಲೂ ಅಲರ್ಜಿ ಇದ್ದರೆ ಅದೊಂದನ್ನು ಬಿಟ್ಟರೆ ಸಾಕು.

ಊಟದ ಜೊತೆ ಮೈ ಆಡಿಸುವುದೂ ಬೇಕು. ಮಲಗಿಯೇ ಇದ್ದರೆ ತಿಂದದ್ದು ಮಾಂಸಖಂಡವಾಗುವುದಿಲ್ಲ, ಕೀಲುಗಳೂ ಮಡಚಿಕೊಂಡು ಹಾಗೇ ನಿಲ್ಲುತ್ತವೆ. ಆಸ್ಪತ್ರೆಯಲ್ಲಿ ಕಲಿಸಿದ ವ್ಯಾಯಾಮವನ್ನು ನೋವಿದ್ದರೂ ದಿನಾ ಮಾಡಿಸಿ.

ದೊಡ್ಡ ಆಪರೇಷನ್, ಅಪಘಾತ, ರಕ್ತಕ್ಕೆ ಹರಡಿದ ಸೋಂಕು, ಕ್ಷಯ ಇವುಗಳಲ್ಲೂ ಮೈ ಕರಗುತ್ತದೆ. ಪ್ರಮಾಣ ಬೇರೆ ಬೇರೆ, ಆದರೆ ಪಾಠ ಒಂದೇ.

ಸಂಘ ಏನು ಮಾಡಬಹುದು?

ನಮ್ಮ ಮನೆಗಳಲ್ಲಿ ಹೆಂಗಸು ಕೊನೆಗೆ ಉಣ್ಣುತ್ತಾಳೆ. ಕಾಯಿಲೆ ಬಿದ್ದಾಗಲೂ "ನನಗೆ ಸಾಕು" ಅಂತಾಳೆ. ಅವಳ ಪಾಲಿನ ಮೊಟ್ಟೆ ಮಕ್ಕಳ ತಟ್ಟೆಗೆ ಹೋಗುತ್ತದೆ. ಇದನ್ನು ಬದಲಿಸುವ ಶಕ್ತಿ ಸಂಘಕ್ಕಿದೆ.

- ಸದಸ್ಯೆಯ ಮನೆಯಲ್ಲಿ ಇಂಥ ರೋಗಿ ಇದ್ದರೆ ಮೊಟ್ಟೆ, ಹಾಲಿನ ಸರದಿ ಹಾಕಿ. 15 ಸದಸ್ಯೆಯರು ಸರದಿಯಂತೆ ದಿನಕ್ಕೊಬ್ಬರು ಕೊಟ್ಟರೆ ತಿಂಗಳಿಗೆ ಒಬ್ಬರ ಪಾಲಿಗೆ ಬರುವುದು ಎರಡೇ ದಿನ.
- ಅತ್ತೆಯನ್ನೂ ಗಂಡನನ್ನೂ ಕೂರಿಸಿ ಈ ಲೆಕ್ಕ ಓದಿ ಹೇಳಿ. ಪ್ರೀತಿ ಇರುವವರಿಗೆ ತಿಳಿವಳಿಕೆ ಸೇರಿದರೆ ಸಾಕು.
- ತುರ್ತು ಸಾಲದ ಬಗ್ಗೆ ಸಭೆಯಲ್ಲಿ ಮೊದಲೇ ನಿರ್ಣಯ ಬರೆದಿಡಿ. ರೇಷನ್ ಕಾರ್ಡ್, ಆಧಾರ್ ಒಂದೇ ಕಡೆ ಇರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಅವು ಬೇಕಾಗುತ್ತವೆ.
- ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ತೂಕ ಇಳಿಯುತ್ತಲೇ ಇದ್ದರೆ, ಜ್ವರ ಬಂದರೆ, ಗಾಯ ವಾಸನೆ ಬಂದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಗೆ, ಸುಟ್ಟ ಕೂಡಲೇ ಮಾಡಬೇಕಾದದ್ದನ್ನು ಮರೆಯಬೇಡಿ. ಬೆಂಕಿ ಆರಿಸಿ, ಬಳೆ, ಉಂಗುರ ತೆಗೆಯಿರಿ. ಸುಟ್ಟ ಭಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಐಸ್ ಬೇಡ. ಪೇಸ್ಟ್, ಇಂಕು, ಸಗಣಿ, ಕಾಫಿಪುಡಿ ಯಾವುದೂ ಬೇಡ. ಶುದ್ಧ ಬಟ್ಟೆ ಮುಚ್ಚಿ, ಉಳಿದ ಮೈಗೆ ಕಂಬಳಿ ಹೊದಿಸಿ, 108ಕ್ಕೆ ಫೋನ್ ಮಾಡಿ. ರೋಗಿಯ ಅಂಗೈ, ಬೆರಳು ಸೇರಿ, ಅವರ ಮೈಯ ನೂರರಲ್ಲಿ ಒಂದು ಭಾಗ. ಎಷ್ಟು ಅಂಗೈ ಸುಟ್ಟಿದೆ ಎಂದು ನೋಡಿ ವೈದ್ಯರಿಗೆ ಹೇಳಿ.

ಮುಂದಿನ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ. ಓದಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳೋಣ: ನಮ್ಮ ಊರಲ್ಲಿ ಈಗ ಗಾಯ ಮಾಗದೆ ಮಲಗಿದವರು ಯಾರಿದ್ದಾರೆ? ಇವತ್ತು ಅವರು ಏನು ಉಂಡರು?