ಡೊಳ್ಳಿನ ಎದುರಿಗೆ ನಿಂತವರು

ಬೀರದೇವರ ಗುಡಿಯಂಗಳದಲ್ಲಿ ಹತ್ತು ಹನ್ನೆರಡು ಮಂದಿ ಕುರುಬ ಸಮುದಾಯದ ಕಲಾವಿದರು ಡೊಳ್ಳು ಹೊತ್ತು ಅರ್ಧವೃತ್ತವಾಗಿ ನಿಂತರೆ, ಉಳಿದರ್ಧವನ್ನು ತುಂಬುವವರು ನೋಡುವ ಜನರು. ಅವರ ಕೇಕೆ ಏರಿದಂತೆ ಬಡಿತವೂ ಏರುತ್ತದೆ. ಅವರು ತಣ್ಣಗಾದರೆ ಗತ್ತು ಬದಲಾಗುತ್ತದೆ. ಬೀದರ ಸೀಮೆಯ ಮೊಹರಮ್ಮಿನಲ್ಲಂತೂ ಹಲಗೆಯ ಸದ್ದಿಗೆ ಅಲಾಯಿ ಕುಣಿಯ ಸುತ್ತ ಹೆಜ್ಜೆಯಿಡುವಾಗ, ನೋಡುವವನು ಯಾರು, ಕುಣಿಯುವವನು ಯಾರು ಎಂಬ ಭೇದವೇ ಉಳಿಯದು.

ಈಗ ಡೊಳ್ಳು ಯುವಜನೋತ್ಸವಗಳ ಸ್ಪರ್ಧಾವೇದಿಕೆಯನ್ನೂ ಏರಿದೆ. ಇದರಿಂದ ಲಾಭವಿಲ್ಲವೆನ್ನಲಾಗದು. ಹೆಜ್ಜೆಗೆ ಶಿಸ್ತು ಬಂದಿತು. ಗಂಡಸರದೇ ಆಗಿದ್ದ ಡೊಳ್ಳನ್ನು ಹೆಣ್ಣುಮಕ್ಕಳೂ ಹೊತ್ತರು. ಆದರೆ ಒಂದು ತಂಡದ ಮಾನವಗೋಪುರ ಚಪ್ಪಾಳೆ ಗಿಟ್ಟಿಸಿದರೆ ಉಳಿದ ತಂಡಗಳಿಗೂ ಅದೇ ಮಾದರಿಯಾಗುತ್ತದೆ. ಅರ್ಧವೃತ್ತವು ತೀರ್ಪುಗಾರರ ಮೇಜಿನ ಕಡೆಗೆ ತಿರುಗುತ್ತದೆ. ನಿಗದಿತ ನಿಮಿಷಗಳಲ್ಲಿ ಗತ್ತು ನಿಧಾನವಾಗಿ ಬೆಳೆಯಲು ಬಿಡುವಿರದು.

ಅಮೆರಿಕದ ಡ್ರಮ್ ಕೋರ್ ತಂಡಗಳಿಗೂ ಇದೇ ಇಕ್ಕಟ್ಟು. 1972ರಲ್ಲಿ ವಿಸ್ಕಾನ್ಸಿನ್ನಿನ ವೈಟ್‌ವಾಟರಿನಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆಯ ಮೊದಲ ಮಹಾಸ್ಪರ್ಧೆ ನಡೆಯಿತು. ಅಲ್ಲಿಯೂ ಅಂಕ ಕೊಡುವವರು ಕೆಲವರು, ಎದ್ದುನಿಂತು ಹರ್ಷಿಸುವವರು ಸಾವಿರಾರು.

ಸ್ಪರ್ಧೆ ಬೇಡವೆಂದಲ್ಲ. ತೀರ್ಪುಗಾರರ ಕುರ್ಚಿ ಜನರ ನಡುವೆಯೇ ಇರಲಿ. ಜನರು ಹೆಜ್ಜೆ ಹಾಕುವಷ್ಟು ಹೊತ್ತು ಡೊಳ್ಳು ನುಡಿಯಲಿ. ಕೇಳುವವನ ಎದೆ ಮರುನುಡಿಯದಿದ್ದರೆ, ಗೆದ್ದ ತಂಡದ ಡೊಳ್ಳೂ ಬರಿಯ ಚರ್ಮವೇ.