ಮುಖ ನೋಡಿ ಕಳ್ಳನನ್ನು ಹಿಡಿಯುವ ವಿದ್ಯೆಯಲ್ಲ

ಫೊರೆನ್ಸಿಕ್ ಸೈಕಾಲಜಿ (ಅಪರಾಧ, ನ್ಯಾಯಕ್ಕೆ ಸಂಬಂಧಿಸಿದ ಮನೋವಿಜ್ಞಾನ) ಓದಬೇಕೆನ್ನುವವರು ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕಾಲೇಜುಗಳಲ್ಲೂ ಸಿಗುತ್ತಾರೆ. ಫೀ ಕಟ್ಟುವ ಮೊದಲು ಕೆಲವು ತಪ್ಪು ತಿಳಿವಳಿಕೆಗಳನ್ನು ಬಿಡಿಸಿಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ: ಮುಖ ನೋಡಿದರೆ ಸಾಕು, ತಜ್ಞರಿಗೆ ಸುಳ್ಳು ಗೊತ್ತಾಗುತ್ತದೆ.
ವಾಸ್ತವ: ಸುಳ್ಳು–ನಿಜ ಗುರುತಿಸುವ ಬಗ್ಗೆ ನಡೆದ ಅಧ್ಯಯನಗಳನ್ನು ಮನೋವಿಜ್ಞಾನಿಗಳಾದ ಬಾಂಡ್ ಮತ್ತು ಡಿಪಾಲೊ 2006ರಲ್ಲಿ ಒಟ್ಟುಗೂಡಿಸಿ ನೋಡಿದರು. ಜನರ ಊಹೆ ಸರಿಯಾದದ್ದು ಸರಾಸರಿ ಶೇ 54ರಷ್ಟು ಮಾತ್ರ. ನಾಣ್ಯ ಚಿಮ್ಮಿದರೂ ಶೇ 50 ಸಿಗುತ್ತದೆ! ಮಾತಾಡಿಸಿ, ಪರೀಕ್ಷೆ ಮಾಡಿ, ದಾಖಲೆ ಓದಿ ವರದಿ ಕೊಡುವುದಷ್ಟೇ ತಜ್ಞರ ಕೆಲಸ, ತೀರ್ಪು ನ್ಯಾಯಾಧೀಶರದು.

ತಪ್ಪು ಕಲ್ಪನೆ: ಮಂಪರು ಪರೀಕ್ಷೆ ಮಾಡಿದರೆ ಸತ್ಯ ಹೊರಬರುತ್ತದೆ.
ವಾಸ್ತವ: ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ಇದಕ್ಕೆ ಕಡಿವಾಣ ಹಾಕಿತು. ಒಪ್ಪಿಗೆಯಿಲ್ಲದೆ ಮಂಪರು, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ.

ತಪ್ಪು ಕಲ್ಪನೆ: ಮಾನಸಿಕ ಕಾಯಿಲೆಯ ಸರ್ಟಿಫಿಕೇಟ್ ಇದ್ದರೆ ಕೊಲೆ ಮಾಡಿಯೂ ಪಾರಾಗಬಹುದು.
ವಾಸ್ತವ: ಕಾಯಿಲೆಯಿದ್ದರಷ್ಟೇ ಸಾಲದು. ಕೃತ್ಯ ಎಸಗುವ ಹೊತ್ತಿಗೆ ತಾನೇನು ಮಾಡುತ್ತಿದ್ದೇನೆ ಎಂಬ ಅರಿವೋ, ಅದು ತಪ್ಪು ಎಂಬ ಅರಿವೋ ಕಾಯಿಲೆಯಿಂದಾಗಿ ಇರಲಿಲ್ಲವೆಂದು ತೋರಿಸಬೇಕು. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಹೇಳುವುದು ಇದನ್ನೇ. ಹಳೆಯ ಐಪಿಸಿಯಲ್ಲಿ ಇದು 84ನೇ ಕಲಂ ಆಗಿತ್ತು. ಹಾಗೆ ಬಿಡುಗಡೆಯಾದವರೂ ನೇರ ಮನೆಗೆ ಹೋಗುತ್ತಾರೆಂದಿಲ್ಲ. ಸುರಕ್ಷಿತ ಸ್ಥಳದಲ್ಲಿರಿಸಲು ಕೋರ್ಟ್ ಆದೇಶಿಸಬಹುದು.

ತಪ್ಪು ಕಲ್ಪನೆ: ಇದು ಕೊಲೆಗಡುಕರ ಜೊತೆಗಿನ ಕೆಲಸ.
ವಾಸ್ತವ: ಹೆಚ್ಚು ಸೂಕ್ಷ್ಮದ ಕೆಲಸ ಮಕ್ಕಳ ಜೊತೆಗಿನದು. ಘೋರ ಅಪರಾಧದ ಆರೋಪ ಹೊತ್ತ 16ರಿಂದ 18ರ ವಯಸ್ಸಿನವರ ತಿಳಿವಳಿಕೆ ಎಷ್ಟಿತ್ತೆಂದು ಬಾಲನ್ಯಾಯ ಮಂಡಳಿ ಅಳೆಯಬೇಕು. 2015ರ ಬಾಲನ್ಯಾಯ ಕಾಯ್ದೆಯ 15ನೇ ಕಲಂ ಪ್ರಕಾರ ಮನೋವಿಜ್ಞಾನಿಗಳ ನೆರವು ಪಡೆಯಬಹುದು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಪ್ರಕರಣದ ಮಗುವಿಗೆ “ಅವನ ಮುಟ್ಟಿದನಲ್ಲ?” ಎಂದು ಕೇಳಿದರೆ ಉತ್ತರ ನಾವೇ ಬಾಯಿಗಿಟ್ಟಂತೆ. “ಏನಾತವ್ವ, ನೀನ ಹೇಳು” ಎಂದು ಸುಮ್ಮನೆ ಕೂರಬೇಕು. ಬಾದಾಮಿ ಕಡೆಯ ಕುಳಗೇರಿ ಕ್ರಾಸಿನ ಮಗು ಮನೆಮಾತಲ್ಲಿ ಹೇಳಿದ್ದು ಅದೇ ಅರ್ಥದಲ್ಲಿ ವರದಿಗೆ ಇಳಿಯಬೇಕಾದರೆ ಆ ಭಾಷೆ ಬಲ್ಲವರೇ ಬೇಕು.

ತಪ್ಪು ಕಲ್ಪನೆ: ಸೈನ್ಸ್ ಓದಿರಬೇಕು, ವಿದೇಶಕ್ಕೇ ಹೋಗಬೇಕು.
ವಾಸ್ತವ: ಸೈಕಾಲಜಿ ಇರುವ ಬಿ.ಎ.ಯಿಂದಲೂ ದಾರಿ ತೆರೆಯುತ್ತದೆ. ಕುಳಗೇರಿ ಕ್ರಾಸಿನಿಂದ ನರಗುಂದ, ನವಲಗುಂದದ ಮೇಲೆ ಹುಬ್ಬಳ್ಳಿ ದಾಟಿದರೆ ಧಾರವಾಡ. ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇವೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಬಂದಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ವಾರದ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್‌ಗೆ ದುಡ್ಡು ಸುರಿಯಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂದಿದ್ದರೆ, ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿ. ಆಮೇಲಷ್ಟೇ ಫೀ ಕಟ್ಟಿ.